ಉಗುರುಬೆಚ್ಚಗಿನ ನೀರು

ನಮ್ಮ ಲಾಂಡ್ರಿಯ ತಾರಸಿಯ ಮೇಲೆ ಎಂಟು ಸೋಲಾರ್ ಫಲಕ ಕೂರಿಸಿದವಳು ನನ್ನ ಅಣ್ಣನ ಮಗಳು. ಅವಳು ಸ್ವಂತವಾಗಿ ಹಿಡಿದ ಮೊದಲ ಕೆಲಸ ಅದು. ಫಲಕದ ಮುಖ ಬಿಸಿಲಿನಿಂದ ಕರೆಂಟು ಮಾಡುತ್ತದೆ. ಬೆನ್ನಿಗೆ ಅಂಟಿದ ಕೊಳವೆಗಳಲ್ಲಿ ಹರಿಯುವ ನೀರು ಅದರ ಕಾವನ್ನು ಹೊತ್ತುಕೊಂಡು ಕೆಳಗಿನ ತೊಟ್ಟಿಗೆ ಬರುತ್ತದೆ. ಯಜಮಾನಿ ಒಂದು ತಿಂಗಳ ಗಡುವು ಕೊಟ್ಟಿದ್ದರು. ತಿಂಗಳ ಕೊನೆಯಲ್ಲೂ ಮೋಡವಿಲ್ಲದ ಮಧ್ಯಾಹ್ನ ಕರೆಂಟಿನ ಮೀಟರು ಎರಡೂವರೆ ಕಿಲೋವ್ಯಾಟ್ ದಾಟುತ್ತಿರಬೇಕು, ಇಲ್ಲವಾದರೆ ಎಲ್ಲವನ್ನೂ ಬಿಚ್ಚಿಕೊಂಡು ಹೋಗಬೇಕು.

ಮೊದಲ ಎರಡು ವಾರ ಮೀಟರು ದಾಟುತ್ತಲೇ ಇತ್ತು. ಯಜಮಾನಿಗೆ ನೀರಿನದೇ ಕೊರಗು. ಒಂದು ದಿನ ತೊಟ್ಟಿಯಲ್ಲಿ ಬೆರಳದ್ದಿ ಮುಖ ಸಿಂಡರಿಸಿದರು. "ಇದು ಬಿಸಿನೀರಾ? ಇದರಲ್ಲಿ ಎಣ್ಣೆ ಕಲೆ ಹೋಗುತ್ತಾ, ನನ್ನ ತಲೆ!"

ಆ ಮಾತು ನನಗೆ ನಾಟಿತು. ಮೂವತ್ತೆಂಟು ವರ್ಷ ಈ ಲಾಂಡ್ರಿಯ ಬಾಯ್ಲರಿನ ಮುಂದೆ ನಿಂತವನು ನಾನು. ಸೌದೆ ಉರಿಸುತ್ತಿದ್ದಾಗಲೂ ಅಷ್ಟೇ, ಗ್ಯಾಸು ಬಂದ ಮೇಲೂ ಅಷ್ಟೇ, ನೀರು ಕಾಯದಿದ್ದರೆ ಹರಿವು ತಗ್ಗಿಸುವುದು. ಯಾವುದಕ್ಕೂ ಕೈ ಹಾಕಬೇಡಿ ಎಂದು ಹುಡುಗಿ ಎಲ್ಲರಿಗೂ ಹೇಳಿದ್ದಳು. ಆದರೂ ಮರುದಿನ ಬೆಳಿಗ್ಗೆ ತಾರಸಿಗೆ ಹತ್ತಿ, ಕೊಳವೆಗಳಿಗೆ ನೀರು ಬಿಡುವ ವಾಲ್ವನ್ನು ಮುಕ್ಕಾಲು ಮುಚ್ಚಿದೆ. ಮಧ್ಯಾಹ್ನ ನೀರು ಕೈ ಸುಡುವಂತೆ ಬಂತು. ಯಜಮಾನಿ ತಲೆದೂಗಿದರು. ಮಗುವಿನ ಮಾನ ಉಳಿಸಿದೆ ಎಂದುಕೊಂಡೆ.

ಅದಾದ ಮೇಲೆ ಕರೆಂಟು ಎರಡೂಕಾಲಿಗೆ ಇಳಿಯಿತು. ನೀರಿಗೂ ಕರೆಂಟಿಗೂ ನಂಟಿದೆ ಎಂದು ನನಗೆ ಹೊಳೆಯಲೇ ಇಲ್ಲ. ಹುಡುಗಿ ಗಾಜು ಒರೆಸಿದಳು, ತಂತಿಗಳನ್ನು ಬಿಚ್ಚಿ ಮತ್ತೆ ಬಿಗಿದಳು. ಮೂರು ದಿನ ಊಟದ ಡಬ್ಬಿಯ ಮುಚ್ಚಳ ತೆಗೆಯಲಿಲ್ಲ.

"ಏನಮ್ಮಾ, ಸೂರ್ಯನಿಗೂ ರಜೆ ಕೊಟ್ಟುಬಿಟ್ಯಾ?" ಎಂದ ಇಸ್ತ್ರಿಯವನು.

"ನಿನ್ನ ಬಾಯಿಗೆ ಒಂದಿನ ರಜೆ ಕೊಡಣ್ಣ, ಸಾಕು."

ಗಡುವಿನ ಕೊನೆಯ ಮಧ್ಯಾಹ್ನ ಯಜಮಾನಿ ಕೊಡೆ ಹಿಡಿದು ತಾರಸಿಗೆ ಬಂದರು. ಮೀಟರು ಎರಡೂಕಾಲಿನಲ್ಲೇ ನಿಂತಿತ್ತು. ಹುಡುಗಿ ಫಲಕದ ಬೆನ್ನಿಗೆ ಕೈಯಿಟ್ಟು ಥಟ್ಟನೆ ಹಿಂತೆಗೆದಳು.

"ಇದು ಇಷ್ಟು ಕಾಯಬಾರದು. ಫಲಕ ಕಾದಷ್ಟೂ ಕರೆಂಟು ಇಳಿಯುತ್ತೆ. ನೀರು ಓಡ್ತಾ ಕಾವು ಎಳ್ಕೊಂಡು ಹೋಗ್ಬೇಕು. ಪಂಪು ಕೆಟ್ಟಿರಬೇಕು ಅಮ್ಮ."

"ಮೊನ್ನೆ ಧೂಳು ಅಂದೆ, ನಿನ್ನೆ ತಂತಿ ಅಂದೆ. ಇವತ್ತು ಪಂಪು. ಸಾಕು, ಬಿಚ್ಚು."

ಅವಳು ಚೀಲದಿಂದ ಸ್ಪ್ಯಾನರು ತೆಗೆದಳು.

"ಪಂಪು ಸರಿಯಾಗೇ ಇದೆ," ಎಂದೆ. "ವಾಲ್ವು ಮುಚ್ಚಿದ್ದು ನಾನು."

ಹುಡುಗಿ ನನ್ನ ಕಡೆ ನೋಡಲಿಲ್ಲ. ನೆಟ್ಟಗೆ ಹೋಗಿ ವಾಲ್ವನ್ನು ಪೂರ್ತಿ ತೆರೆದಳು.

"ನಿಮಗ್ಯಾಕೆ ಬೇಕಿತ್ತು ಈ ವಯಸ್ಸಲ್ಲಿ?" ಎಂದರು ಯಜಮಾನಿ.

"ನೀರು ಬಿಸಿ ಇಲ್ಲ ಅಂತ ನೀವೇ ಅಂದಿದ್ರಲ್ಲಮ್ಮ."

ಕಾಲು ಗಂಟೆ ಮೂವರೂ ಮೀಟರಿನ ಮುಂದೆ ನಿಂತೆವು. ಅಂಕಿ ನಿಧಾನವಾಗಿ ಏರಿತು. ಎರಡೂವರೆಯ ಹತ್ತಿರ ಸ್ವಲ್ಪ ಹೊತ್ತು ತೂಗಾಡಿತು. ಆಮೇಲೆ ದಾಟಿತು.

"ಹಾಗಾದ್ರೆ ನೀರು ಮತ್ತೆ ಉಗುರುಬೆಚ್ಚಗೇ ತಾನೆ?"

"ಹೌದಮ್ಮ. ಎರಡೂ ಜೋರಾಗಿ ಸಿಗಲ್ಲ. ಬಾಯ್ಲರು ತಣ್ಣೀರಿಂದ ಶುರು ಮಾಡೋದು ತಪ್ಪುತ್ತೆ, ಅಷ್ಟೇ. ಉಳಿದ ಬಿಸಿ ಚಿಕ್ಕಪ್ಪ ಮಾಡ್ಕೊಡ್ಬೇಕು."

ಯಜಮಾನಿ ಮೀಟರನ್ನು ಇನ್ನೊಮ್ಮೆ ನೋಡಿ ಕೊಡೆ ಮಡಿಸಿದರು. "ಇರಲಿ ಬಿಡು. ಆದ್ರೆ ಇವರು ಮತ್ತೆ ಈ ತಾರಸಿ ಹತ್ತಕೂಡದು."

ಏಣಿ ಇಳಿಯುವಾಗ ಹುಡುಗಿ ನನ್ನ ತೋಳು ಹಿಡಿದುಕೊಂಡಳು. ಮುಖ ಇನ್ನೂ ಗಂಟಿಕ್ಕಿಯೇ ಇತ್ತು.

"ಮುಚ್ಚೋ ಮೊದಲು ನನ್ನ ಒಂದು ಮಾತು ಕೇಳಬಾರದಿತ್ತಾ ಚಿಕ್ಕಪ್ಪ?"

"ಕೇಳಿದ್ರೆ ನೀನು ಬೇಡ ಅಂತಿದ್ದೆ."