ಚಂದ್ರಾವತಿಯವರು ಬಾಗಿಲು ತೆರೆದದ್ದು

ಆ ನೀಲಿ ಟೋಪಿಯನ್ನು ನಾನು ದಿನವೂ ಸಂಜೆ ತೊಳೆದು, ವಿಶ್ವವಿದ್ಯಾಲಯದ ಹೊಸ ಕಟ್ಟಡದ ಪಡಸಾಲೆಯಲ್ಲಿ ಹಗ್ಗಕ್ಕೆ ಸಿಕ್ಕಿಸಿ ಒಣಹಾಕುತ್ತಿದ್ದೆ. ಮೈತುಂಬ ತೂತಿದ್ದ ಅದನ್ನು ಕಂಡು ಕಸ ಗುಡಿಸುವ ಹೆಂಗಸರು, “ಇಷ್ಟೆಲ್ಲಾ ಓದಿ ಹರಿದ ಟೋಪಿ ಹಾಕ್ಕೋತೀರಾ?” ಎಂದು ನಗುತ್ತಿದ್ದರು. ಆ ತೂತುಗಳಲ್ಲೇ ನಮ್ಮ ಜೀವವಿತ್ತು. ಒಂದೊಂದರಲ್ಲೂ ಒಂದು ಪುಟ್ಟ ಲೋಹದ ಬಿಲ್ಲೆ. ಅದು ನೆತ್ತಿಗೆ ಸರಿಯಾಗಿ ತಾಕಿದರೆ ಮಿದುಳಿನ ಮಿಡಿತ ಪರದೆಯ ಮೇಲೆ ಗೆರೆಯಾಗಿ ಕುಣಿಯುತ್ತಿತ್ತು. ಮನುಷ್ಯ ಮನಸ್ಸಿನಲ್ಲಿ ಅಂದುಕೊಂಡದ್ದನ್ನು ಯಂತ್ರ ಮಾಡಿ ತೋರಿಸುವ ಪ್ರಯೋಗಾಲಯ ನಮ್ಮೂರಿನಲ್ಲಿ ತೆರೆಯಲಿತ್ತು. ಅದೇ ನನ್ನ ಮೊದಲ ಕೆಲಸ. ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಟೋಪಿ ಹಾಕಿಕೊಳ್ಳುತ್ತಿದ್ದವರು ಚಂದ್ರಾವತಿ. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿನವರ ಮಾತನ್ನೆಲ್ಲ ಜೋಡಿಸಿಕೊಟ್ಟವರು. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಕೈಕಾಲು ಬಿದ್ದುಹೋಗಿ, ಮಾತೂ ನಿಂತಿತ್ತು. ಕಣ್ಣು ಮಾತ್ರ ಚುರುಕಾಗಿತ್ತು. ಆ ಕಣ್ಣಿನ ಅರ್ಥ ಹೇಳುವ ಹಕ್ಕು ಅವರ ಗಂಡ ಶ್ರೀಕಂಠಯ್ಯನವರದು. ರೆಪ್ಪೆ ಒಂದು ಸಲ ಬಡಿದರೂ “ಹೂಂ ಅಂತಾಳೆ,” ಎರಡು ಸಲ ಬಡಿದರೂ “ಹೂಂ ಅಂತಾಳೆ.” ಹೆಂಡತಿಯನ್ನು ಹೂವಿನಂತೆ ನೋಡಿಕೊಳ್ಳುತ್ತಿದ್ದರು, ಸುಳ್ಳು ಹೇಳಬಾರದು. ಆದರೆ ಕೇಳಿಸಿಕೊಳ್ಳುವ ತಾಳ್ಮೆ ಆ ಪುಣ್ಯಾತ್ಮರಿಗಿರಲಿಲ್ಲ.

ಬಲಗೈ ಮುಷ್ಟಿ ಕಟ್ಟುವಂತೆ ಚಂದ್ರಾವತಿಯವರು ಮನಸ್ಸಿನಲ್ಲೇ ನೆನೆದರೆ ಹಸಿರು ದೀಪ, ಅಂದರೆ ಹೂಂ. ಎಡಗೈ ನೆನೆದರೆ ಕೆಂಪು, ಅಂದರೆ ಬೇಡ. ಎರಡನ್ನೂ ಕಲಿಸಿದೆವು. ಆಮೇಲೆ ನಾಲ್ಕು ತಿಂಗಳು ಹಸಿರೊಂದನ್ನೇ ಮಾಡಿಸಿದೆವು. ಯಾಕೆಂದರೆ ಪ್ರಯೋಗಾಲಯದ ಮುಖ್ಯಸ್ಥರಾದ ನಮ್ಮ ಇಂದುಧರ ಮೇಷ್ಟ್ರು ಶುರುವಿನಲ್ಲೇ ಹೇಳಿಬಿಟ್ಟಿದ್ದರು: “ರಿಬ್ಬನ್ನು ಗಿಬ್ಬನ್ನು ಬೇಡ. ಹಸಿರು ದೀಪ ಹತ್ತಿದ ತಕ್ಷಣ ಬಾಗಿಲ ಬೀಗ ತಾನೇ ಕಳಚಬೇಕು. ಪ್ರಯೋಗಾಲಯ ಉದ್ಘಾಟನೆ ಮಾಡೋದು ಚಂದ್ರಾವತಿಯವರೇ.”

ಆ ದಿನ ಬೆಳಿಗ್ಗೆ, ಕುಲಪತಿಗಳು ಬರಲು ಅರ್ಧ ಗಂಟೆ ಇದೆ ಎನ್ನುವಾಗ ನಾನು ಟೋಪಿ ತೊಡಿಸಿದೆ. ಪರದೆಯ ತುಂಬ ಬರೀ ಗೀಚು. ಬೆರಳೆಲ್ಲ ಜಿಡ್ಡು. ಮೂಸಿ ನೋಡಿದೆ, ಹರಳೆಣ್ಣೆ! ಆ ಜಿಡ್ಡಿನ ಮೇಲೆ ಬಿಲ್ಲೆ ನೆತ್ತಿಗೆ ತಾಕುವುದೆಲ್ಲಿ?

“ಒಳ್ಳೇ ದಿನ ಅಲ್ವೇನಮ್ಮಾ,” ಎಂದರು ಶ್ರೀಕಂಠಯ್ಯ, ಹೆಮ್ಮೆಯಿಂದ. “ಬೆಳಿಗ್ಗೆನೇ ನೆತ್ತಿಗೆ ಚೆನ್ನಾಗಿ ತಟ್ಟಿದೆ. ಇವತ್ತು ಮಿದುಳಿಗೆ ಕೆಲಸ ಜಾಸ್ತಿ, ತಂಪಾಗಿರ್ಲಿ ಅಂತ.”

ಮೇಷ್ಟ್ರ ಮುಖದಲ್ಲಿ ರಕ್ತವೇ ಇರಲಿಲ್ಲ. “ಬಾಗಿಲ ಪಕ್ಕ ಮರೆಯಲ್ಲಿ ಬೀಗ ತೆಗೆಯೋ ಗುಂಡಿ ಇದೆಯಲ್ಲ, ನೀನೇ ಒತ್ತಿಬಿಡು. ಯಾರಿಗೂ ಗೊತ್ತಾಗಲ್ಲ,” ಎಂದು ನನಗೆ ಪಿಸುಗುಟ್ಟಿದರು.

“ಒತ್ತಮ್ಮಾ, ಹೂಂ ಅಂತಾಳೆ,” ಎಂದರು ಶ್ರೀಕಂಠಯ್ಯ.

ನಾನು ಚಂದ್ರಾವತಿಯವರನ್ನು ನೋಡಿದೆ. ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದರು, ರೆಪ್ಪೆಯಂಚಿನಲ್ಲಿ ನೀರು. ನನಗೆ ಎಲ್ಲಿಂದ ಧೈರ್ಯ ಬಂತೋ! “ಒತ್ತಲ್ಲ ಸಾರ್. ತಲೆ ತೊಳೀತೀನಿ,” ಎಂದುಬಿಟ್ಟೆ.

ಗಾಲಿಕುರ್ಚಿ ತಳ್ಳಿಕೊಂಡು ಕಟ್ಟಡದ ಹಿಂದಿನ ನಲ್ಲಿಗೆ ಓಡಿದೆವು. ಎದುರಂಗಡಿಯಲ್ಲಿದ್ದ ಶಾಂಪೂ ಪ್ಯಾಕೆಟ್ಟುಗಳೆಲ್ಲ ಬಂದವು. ಶ್ರೀಕಂಠಯ್ಯನವರು ಗೊಣಗುತ್ತಲೇ ನೀರು ಹೊಯ್ದರು, ನಾನು ಉಜ್ಜಿದೆ. ಟೋಪಿಯನ್ನೂ ಅದೇ ನೊರೆಯಲ್ಲಿ ಅದ್ದಿ ತೆಗೆದೆ. ಹಗ್ಗಕ್ಕೆ ಹಾಕಲು ಪುರುಸೊತ್ತೆಲ್ಲಿ? ಮೇಷ್ಟ್ರೇ ಅದನ್ನು ಬಿಸಿಲಿಗೆ ಹಿಡಿದು ಬೀಸುತ್ತ ನಿಂತರು. ಅಷ್ಟರಲ್ಲಿ ಬಂದ ಕುಲಪತಿಗಳು ನಮ್ಮ ಅವತಾರ ನೋಡಿ, “ಇದೇನ್ರೀ, ಉದ್ಘಾಟನೆ ಕ್ಷೌರದಂಗಡಿದೋ?” ಎಂದರು. ಆದರೂ ಕಾದರು, ದೊಡ್ಡ ಮನುಷ್ಯ.

ಮತ್ತೆ ಟೋಪಿ ತೊಡಿಸಿದಾಗ ಗೆರೆಗಳು ಸ್ಪಷ್ಟವಾಗಿ ಎದ್ದವು. ಹಸಿರು ದೀಪ ಹತ್ತಿತು. ಬೀಗ ಟಕ್ಕೆಂದು ಕಳಚಿ ಬಾಗಿಲು ತೆರೆದುಕೊಂಡಿತು. ಚಪ್ಪಾಳೆಯ ನಡುವೆ ನಾನು ಹುಚ್ಚಿಯಂತೆ ಕೂಗಿದೆ. ಅಷ್ಟು ಸಂತೋಷ ನನಗೆ ನನ್ನ ಮದುವೆಯ ದಿನವೂ ಆಗಲಿಲ್ಲ.

ಆಗ ಬೆವರುತ್ತ ಬಂದ ಪತ್ರಿಕೆಯ ಫೋಟೋದವನು, “ಅಯ್ಯೋ, ಫೋಟೋ ಸಿಗಲಿಲ್ಲ. ಬಾಗಿಲು ಹಾಕಿ ಇನ್ನೊಂದ್ಸಲ ತೆಗೆಸಿ ಸಾರ್,” ಎಂದ.

“ಅದಕ್ಕೇನಂತೆ, ಹತ್ತು ಸಲ ತೆಗೀತಾಳೆ,” ಎಂದರು ಶ್ರೀಕಂಠಯ್ಯ.

ಬಾಗಿಲು ಹಾಕಿದೆವು. ಕಾದೆವು. ಬೀಗ ಅಲುಗಲಿಲ್ಲ. ಮೇಷ್ಟ್ರು ಹಣೆ ಒರೆಸಿಕೊಂಡರು. ಅಷ್ಟರಲ್ಲಿ ದೀಪ ಹತ್ತಿತು, ಕೆಂಪು.

“ಇದ್ಯಾಕಮ್ಮಾ ಕೆಂಪು? ಕೆಟ್ಟೋಯ್ತಾ?” ಎಂದು ಕೇಳಿದರು ಶ್ರೀಕಂಠಯ್ಯ.

ನಾನು ಪರದೆ ನೋಡಿದೆ. ಗೆರೆ ಒಂದಿಷ್ಟೂ ಕೆಟ್ಟಿರಲಿಲ್ಲ. “ಇಲ್ಲ ಸಾರ್,” ಎಂದೆ. “ಬೇಡ ಅಂತಿದ್ದಾರೆ.”

ನಾಲ್ಕು ತಿಂಗಳಲ್ಲಿ ನಾವೂ ಅವರಿಂದ ಹೂಂ ಒಂದನ್ನೇ ಕೇಳಿದ್ದೆವು. ನನಗೆ ನಾಚಿಕೆಯೂ ಆಯಿತು, ಕುಣಿಯಬೇಕೆನ್ನುವಷ್ಟು ಖುಷಿಯೂ ಆಯಿತು. ಫೋಟೋದವನು ಕ್ಯಾಮೆರಾ ಇಳಿಸಿದ.

“ಬೇಡ ಅಂತಾಳಾ?” ಎಂದರು ಶ್ರೀಕಂಠಯ್ಯ. ಮೆಲ್ಲಗೆ ಹೆಂಡತಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತರು.

“ಚಂದ್ರೂ,” ಎಂದರು, “ಇಷ್ಟು ದಿನ ಇನ್ನೂ ಏನೇನು ಬೇಡ ಅಂದಿದ್ಯೇ?”

ಕುಲಪತಿಗಳು ನಿಂತಿದ್ದರು, ಊರೆಲ್ಲ ನಿಂತಿತ್ತು. ಶ್ರೀಕಂಠಯ್ಯನವರಿಗೆ ಅದ್ಯಾವುದರ ಪರಿವೆಯೂ ಇರಲಿಲ್ಲ. ಉತ್ತರವನ್ನು ತಾವೇ ಹೇಳದೆ, ಒದ್ದೆ ತೋಳುಗಳನ್ನು ಮೊಣಕಾಲ ಮೇಲಿಟ್ಟುಕೊಂಡು, ಹೆಂಡತಿಯ ಮುಖ ನೋಡುತ್ತ ಕಾಯತೊಡಗಿದರು.