ಹದಿನೈದನೆಯ ಸುತ್ತಿನವರೆಗೆ

ಕನ್ನಡಕದ ಅಂಗಡಿಯಲ್ಲಿ ಅಕ್ಕನಿಗಿದ್ದ ಕೆಲಸಗಳಲ್ಲಿ ಅವಳಿಗೆ ಇಷ್ಟವಾದದ್ದು ಒಂದೇ. ಹೊಸ ಕನ್ನಡಕ ಹಾಕಿಕೊಂಡವರನ್ನು ಬಾಗಿಲ ತನಕ ಕರೆತಂದು, ಎದುರು ಬೀದಿಯ ಔಷಧಿ ಅಂಗಡಿಯ ಫಲಕ ಓದಿಸುವುದು. ಅವರು ದೊಡ್ಡ ಅಕ್ಷರ ಓದುತ್ತಾರೆ, ಚಿಕ್ಕ ಅಕ್ಷರ ಓದುತ್ತಾರೆ, ಫಲಕದ ಮೇಲೆ ಕೂತ ಪಾರಿವಾಳವನ್ನೂ ಕಂಡು ಮಕ್ಕಳ ಹಾಗೆ ನಗುತ್ತಾರೆ. ಆಮೇಲೆ ಮೆಟ್ಟಿಲಿಳಿದು ಹೋಗಿಬಿಡುತ್ತಾರೆ. ಕೈಹಿಡಿದು ತೋರಿಸಿದವಳ ಮುಖವನ್ನು ಹೊಸ ಕಣ್ಣಿನಿಂದ ಒಮ್ಮೆ ನೋಡೋಣ ಅಂತ ಯಾರಿಗೂ ಹೊಳೆಯುವುದಿಲ್ಲ.

ಅಕ್ಕನಿಗೆ ಅದು ರೂಢಿಯಾಗಿತ್ತು. ಓಟದ ಮೈದಾನದಲ್ಲೂ ಅವಳದು ಹೆಚ್ಚುಕಡಿಮೆ ಅದೇ ಕೆಲಸ. ಅಲ್ಲಿ ಅವಳನ್ನು ಪೇಸರ್ ಅನ್ನುತ್ತಾರೆ, ಬೇರೆಯವರಿಗಾಗಿ ವೇಗ ಹಿಡಿದು ಕೊಡುವವಳು. ಹತ್ತು ಸಾವಿರ ಮೀಟರ್ ಅಂದರೆ ಮೈದಾನಕ್ಕೆ ಇಪ್ಪತ್ತೈದು ಸುತ್ತು. ಮೊದಲ ಹದಿನೈದು ಸುತ್ತು ಅವಳು ಎಲ್ಲರಿಗಿಂತ ಮುಂದೆ, ಹೇಳಿದ ವೇಗದಲ್ಲಿ, ಒಂದು ಸೆಕೆಂಡು ಹೆಚ್ಚಿಲ್ಲದೆ ಕಡಿಮೆಯಿಲ್ಲದೆ ಓಡಬೇಕು. ಎದುರುಗಾಳಿಯನ್ನೆಲ್ಲ ತನ್ನ ಎದೆಗೆ ತೆಗೆದುಕೊಳ್ಳಬೇಕು. ಹಿಂದಿರುವವರು ಗಡಿಯಾರದ ಗೊಡವೆಯಿಲ್ಲದೆ ಅವಳ ಹಿಮ್ಮಡಿ ನೋಡಿಕೊಂಡು ಬಂದರೆ ಸಾಕು. ಹದಿನೈದು ಮುಗಿಯಿತೋ, ಒಳಗಿನ ಹುಲ್ಲಿಗೆ ಸರಿದು ದಾರಿ ಬಿಡಬೇಕು. ಉಳಿದವರ ಎದೆಗೂ ಬೆನ್ನಿಗೂ ಅಂಕಿ, ಇವಳ ಎದೆಯ ಮೇಲೆ ಒಂದು ಅಕ್ಷರ. ಓಟವಾದ ಮೇಲೆ ಗೋಡೆಗೆ ಅಂಟಿಸುವ ಹಾಳೆಯಲ್ಲಿ, ಕಟ್ಟಕಡೆಯ ಸಾಲಿನಲ್ಲಿ, ಇವಳ ಹೆಸರಿನ ಮುಂದೆ ‘ಓಟ ಮುಗಿಸಿಲ್ಲ’ ಎಂದಿರುತ್ತದೆ. ಅಂಥ ಹದಿನೇಳು ಹಾಳೆಗಳು ಅವಳ ಮೇಜಿನ ಖಾನೆಯಲ್ಲಿ ಬೆಚ್ಚಗಿದ್ದವು.

“ಅಂದ್ರೆ ನೀನು, ಎಲ್ಲರನ್ನೂ ಮದುವೆ ಮನೆ ಬಾಗಿಲ ತನಕ ಕರ್ಕೊಂಡು ಹೋಗಿ, ಊಟಕ್ಕೆ ಕೂರದೆ ವಾಪಸ್ ಬರೋಳು ಅನ್ನು,” ಎಂದಿದ್ದಳು ಅಮ್ಮ. ಕೊರಳಲ್ಲಿ ಅಳತೆಯ ಪಟ್ಟಿ ನೇತುಹಾಕಿಕೊಂಡು, ಕಿಟಕಿಯ ಪಕ್ಕದ ಮಿಷನ್ನಿನಲ್ಲಿ ಊರವರ ಪರದೆಗಳನ್ನೆಲ್ಲ ಹೊಲಿಯುವವಳು ಅಮ್ಮ. ಅವಳ ಮಾತಿಗೂ ಸೂಜಿಗೂ ಹೆಚ್ಚು ಅಂತರವಿರಲಿಲ್ಲ.

ಅಕ್ಕ ಯಾವಾಗಲೂ ಹೀಗಿದ್ದವಳಲ್ಲ. ಅವಳೂ ಒಂದು ಕಾಲಕ್ಕೆ ಗೆಲ್ಲಲೆಂದೇ ಓಡಿದ್ದಳು. ಆದರೆ ಹದಿನಾರನೆಯ ಸುತ್ತಿಗೆ ಅವಳ ಕಾಲು ಕಲ್ಲಾಗುತ್ತಿತ್ತು. ಮೂರು ವರ್ಷ ಚಿಕ್ಕವಳಾದ ತಂಗಿಗೆ ಮಾತ್ರ ಓಟ ಶುರುವಾಗುತ್ತಿದ್ದದ್ದೇ ಹದಿನಾರನೆಯ ಸುತ್ತಿನಲ್ಲಿ. ಮೈಯೆಲ್ಲ ಕಾಲೇ ಆಗಿದ್ದ ಅವಳನ್ನು ಮನೆಯಲ್ಲಿ ಮಿಡತೆ ಎಂದೇ ಕರೆಯುತ್ತಿದ್ದರು. ಮಿಡತೆಗೆ ಮುಂದಿರುವವರು ಯಾರಾದರೂ ಬೇಕು, ಅಕ್ಕನಿಗೆ ಹಿಂದಿರುವವರು ಯಾರಾದರೂ ಬೇಕು. ಎರಡು ವರ್ಷದಿಂದ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುವ ಮುಂಚೆ ಇಬ್ಬರೂ ಒಬ್ಬರ ಹಿಂದೊಬ್ಬರು ಸುತ್ತುತ್ತಿದ್ದರು.

ಇಷ್ಟಾದರೂ ತಂಗಿ ಓಡುವುದನ್ನು ಅಕ್ಕ ಕಣ್ಣಾರೆ ನೋಡಿರಲಿಲ್ಲ ಎಂದರೆ ಯಾರೂ ನಂಬಲಾರರು. ಓಡುವಾಗ ಮಿಡತೆ ಯಾವಾಗಲೂ ಬೆನ್ನ ಹಿಂದೆ. ಹುಲ್ಲಿಗೆ ಸರಿದ ಮೇಲೆ ಅಕ್ಕ ತಲೆಯೆತ್ತದೆ ಗ್ಯಾಲರಿಯ ಹಿಂದಿನ ನಲ್ಲಿಯ ಹತ್ತಿರ ಹೋಗಿಬಿಡುತ್ತಿದ್ದಳು. ಉಳಿದ ಹತ್ತು ಸುತ್ತನ್ನು ಮುಖಕ್ಕೆ ನೀರು ಹಾಕಿಕೊಳ್ಳುತ್ತ ಮೈಕಿನಲ್ಲಿ ಕೇಳುವುದು. ನೋಡುತ್ತ ನಿಲ್ಲುವಷ್ಟು ಗಟ್ಟಿ ಎದೆ ಅವಳದಲ್ಲ. ಅವಳು ಬಲ್ಲದ್ದು ತಂಗಿಯ ಉಸಿರನ್ನು ಮಾತ್ರ. ಮೂರು ಹೆಜ್ಜೆಗೆ ಒಳಗೆ, ಎರಡು ಹೆಜ್ಜೆಗೆ ಹೊರಗೆ. ಚಿಕ್ಕಂದಿನಲ್ಲಿ ಮಿಡತೆಗೆ ಉಬ್ಬಸ. ಪಕ್ಕದಲ್ಲಿ ಮಲಗಿ ಅವಳ ಉಸಿರು ಎಣಿಸುವುದು, ಲಯ ತಪ್ಪಿದರೆ ಅಮ್ಮನನ್ನು ಎಬ್ಬಿಸುವುದು ಅಕ್ಕನ ಪಾಲಿನ ಕೆಲಸವಾಗಿತ್ತು. ಉಬ್ಬಸ ವಾಸಿಯಾಯಿತು. ಎಣಿಸುವುದು ವಾಸಿಯಾಗಲಿಲ್ಲ.

ಆದದ್ದೂ ಅದರಿಂದಲೇ. ನಾಲ್ಕು ತಿಂಗಳ ಹಿಂದೆ ದೊಡ್ಡ ಓಟವೊಂದಿತ್ತು. ಮೂವತ್ತೆರಡೂವರೆ ನಿಮಿಷದೊಳಗೆ ಮುಗಿಸಿದವರಿಗೆ ದೂರದ ತರಬೇತಿ ಶಿಬಿರದಲ್ಲಿ ಜಾಗ. ಹೋದರೆ ಎರಡು ವರ್ಷ ಅಲ್ಲೇ ಊಟ, ಅಲ್ಲೇ ನಿದ್ದೆ, ಅಲ್ಲೇ ಓಟ. ಅದಕ್ಕೆ ಸುತ್ತಿಗೆ ಎಪ್ಪತ್ತೆಂಟು ಸೆಕೆಂಡು ಬೇಕು. ಎಪ್ಪತ್ತೆಂಟೆಂದರೆ ಅಕ್ಕನಿಗೆ ಕಣ್ಣು ಮುಚ್ಚಿ ಓಡುವ ವೇಗ. ಕೋಚ್ ಅವಳನ್ನು ಕರೆಯುತ್ತಿದ್ದದ್ದೇ ಹಾಗೆ: “ಏ ಎಪ್ಪತ್ತೆಂಟು, ಬಾ ಇಲ್ಲಿ.” ಹತ್ತು ಸುತ್ತು ಗಂಟೆ ಹೊಡೆದ ಹಾಗೆ ಸರಿಯಾಗಿ ಬಿತ್ತು. ಹನ್ನೊಂದನೆಯದರಲ್ಲಿ ಬೆನ್ನ ಹಿಂದಿನ ಉಸಿರು ಬದಲಾಯಿತು. ಎರಡಕ್ಕೆ ಒಳಗೆ, ಎರಡಕ್ಕೆ ಹೊರಗೆ, ನಡುವೆ ಸಣ್ಣದೊಂದು ಸಿಳ್ಳು. ಅಕ್ಕನ ಕಾಲು ಅವಳನ್ನು ಕೇಳದೆಯೇ ತಗ್ಗಿತು. ಎಪ್ಪತ್ತೊಂಬತ್ತು. ಮತ್ತೆ ಎಪ್ಪತ್ತೊಂಬತ್ತು. ಹೀಗೆ ನಾಲ್ಕು ಸುತ್ತಿಗೆ ನಾಲ್ಕು ಸೆಕೆಂಡು. ಮಿಡತೆಗೆ ಶಿಬಿರ ತಪ್ಪಿದ್ದು ಮೂರು ಸೆಕೆಂಡಿನಿಂದ.

“ಗಾಳಿ ಇತ್ತು,” ಎಂದರು ಕೋಚ್. ಅವರು ಒಳ್ಳೆಯ ಮನುಷ್ಯ, ಗಾಳಿಯ ಮೇಲೆ ತಪ್ಪು ಹೊರಿಸಿ ಬಿಟ್ಟರು.

ಅಂದು ಸಂಜೆ ಬಸ್ಸಿನಲ್ಲಿ ಮಿಡತೆ ಅತ್ತೂ ಅತ್ತೂ ಅಕ್ಕನ ಭುಜಕ್ಕೆ ತಲೆಯಿಟ್ಟು ನಿದ್ದೆಹೋದಳು. ಅವಳ ಉಸಿರು ಮೆಲ್ಲಗೆ ತನ್ನ ಹಳೆಯ ಲಯಕ್ಕೆ ಬಂತು. ಕಿಟಕಿಯಾಚೆ ಬೀದಿದೀಪಗಳು ಒಂದೊಂದಾಗಿ ಹಿಂದೆ ಸರಿಯುತ್ತಿದ್ದವು. ಆಗ ಅಕ್ಕನಿಗೆ ತಟ್ಟನೆ ತಿಳಿಯಿತು, ತಾನು ಸಂತೋಷವಾಗಿದ್ದೇನೆ ಎಂದು. ಈ ಭುಜ, ಈ ತಲೆ, ನಾಳೆ ಬೆಳಿಗ್ಗೆ ಮತ್ತೆ ಇಬ್ಬರೂ ಮೈದಾನಕ್ಕೆ. ಅದರ ಬೆನ್ನಿಗೇ ಪ್ರಶ್ನೆಯೊಂದು ಬಂತು. ತನ್ನ ಕಾಲು ತಗ್ಗಿದ್ದು ತಂಗಿಯ ಉಸಿರಿಗೋ, ಅಥವಾ ಅವಳು ಹೋಗದಿರಲಿ ಎಂಬ ಆಸೆಗೋ? ನಾಲ್ಕು ತಿಂಗಳು ಈ ಪ್ರಶ್ನೆಯನ್ನು ಅವಳು ಬಾಯಿಗೆ ತರಲಿಲ್ಲ. ಅಂಗಡಿಯಲ್ಲಿ ಗಾಜು ಒರೆಸುವಾಗ, ಒರೆಸಿದ ಗಾಜನ್ನೇ ಮತ್ತೆ ಮತ್ತೆ ಒರೆಸುತ್ತಿದ್ದಳು.

ಈಗ ಅದೇ ಓಟ ಇನ್ನೊಂದು ಸಲ. ವರ್ಷದ ಕೊನೆಯ ಅವಕಾಶ.

ಹೊರಡುವ ಮುಂಚೆ ಅಮ್ಮ ಬಾಯಲ್ಲಿ ದಾರ ಕಚ್ಚಿಕೊಂಡೇ ಹೇಳಿದಳು, “ನೋಡಿದ್ದನ್ನೇ ಇಪ್ಪತ್ತೈದು ಸಲ ನೋಡ್ತೀರಲ್ಲ, ಬೇಜಾರಾಗಲ್ವಾ ನಿಮಗೆ?”

“ನೀನೂ ಹೊಲಿದಿದ್ದನ್ನೇ ಹೊಲಿತೀಯಲ್ಲಮ್ಮ,” ಎಂದಳು ಮಿಡತೆ.

“ನಾನು ಹೊಲಿದ್ರೆ ಒಂದು ಪರದೆ ಆದ್ರೂ ಆಗುತ್ತೆ ಕಣೇ. ನೀವು ಸುತ್ತಿ ಸುತ್ತಿ ಹೊರಟ ಜಾಗಕ್ಕೇ ಬರ್ತೀರಿ.” ಹೀಗೆಂದವಳು ದಾರ ತುಂಡರಿಸಿ, ಮಿಡತೆಯ ಕೆನ್ನೆ ಸವರಿದಳು. “ಹೋಗು. ಈ ಸಲ ಹೊರಟ ಜಾಗಕ್ಕೆ ಬರಬೇಡ.”

ಮೈದಾನದಲ್ಲಿ ಗ್ಯಾಲರಿಯ ಕೆಳಗೆ ಓಟಗಾರ್ತಿಯರು ಕಾಯುವ ಕೋಣೆಯಿತ್ತು. ಉದ್ದ ಬೆಂಚು, ನೋವಿನ ಮುಲಾಮಿನ ವಾಸನೆ. ಅಕ್ಕ ತಂಗಿಯ ಬೆನ್ನಿಗೆ ಅಂಕಿಯ ಬಟ್ಟೆಯನ್ನು ಪಿನ್ನುಗಳಿಂದ ಚುಚ್ಚುತ್ತಿದ್ದಳು.

“ಅಕ್ಕ.”

“ಅಲ್ಲಾಡಬೇಡ, ಚುಚ್ಚಿಬಿಡುತ್ತೆ.”

“ಇವತ್ತು ನನ್ನ ಉಸಿರು ಕೇಳಬೇಡ.”

ಪಿನ್ನು ಅಕ್ಕನ ಬೆರಳಿಗೇ ಚುಚ್ಚಿತು. ಅವಳು ಬೆರಳನ್ನು ಬಾಯಿಗಿಟ್ಟುಕೊಂಡಳು.

“ಹೋದ್ಸಲ ನೀನು ನಿಧಾನ ಆದೆ. ನಂಗೆ ಗೊತ್ತಾಯ್ತು,” ಎಂದಳು ಮಿಡತೆ, ತಿರುಗದೆ. “ನಂಗೇನು ಕಾಲಿರಲಿಲ್ವಾ? ಪಕ್ಕಕ್ಕೆ ಸರಿದು ನಿನ್ನ ದಾಟಿ ಹೋಗಬಹುದಿತ್ತು. ಹೋಗಲಿಲ್ಲ.”

“ಯಾಕೆ ಹೋಗಲಿಲ್ಲ?”

“ಶಿಬಿರಕ್ಕೆ ಹೋದ್ರೆ ನನ್ನ ಮುಂದೆ ಯಾರಿರ್ತಾರೆ ಅಂತ ಭಯ ಆಯ್ತು.” ಮಿಡತೆ ಮೂಗೆಳೆದುಕೊಂಡು ನಕ್ಕಳು. “ಒಳ್ಳೇ ಜೋಡಿ ನಾವು. ಒಬ್ಬಳು ಬಿಡಲ್ಲ, ಇನ್ನೊಬ್ಬಳು ಹೋಗಲ್ಲ.”

ಅಕ್ಕ ಕೊನೆಯ ಪಿನ್ನು ಚುಚ್ಚಿದಳು. ಬಟ್ಟೆ ಸ್ವಲ್ಪ ಸೊಟ್ಟಗಾಗಿತ್ತು.

“ಇನ್ನೊಂದು,” ಎಂದಳು ಮಿಡತೆ. “ಹದಿನೈದಾದ ಮೇಲೆ ನಲ್ಲಿ ಹತ್ರ ಹೋಗಬೇಡ. ನಿಂತು ನೋಡು. ಒಂದ್ಸಲ ಆದ್ರೂ ನೋಡೇ.”

ಗುಂಡು ಹಾರಿದಾಗ ಬಿಸಿಲು ಇಳಿಯತೊಡಗಿತ್ತು. ಅಕ್ಕ ಮುಂದೆ ಹೋದಳು. ಎಪ್ಪತ್ತೆಂಟು, ಎಪ್ಪತ್ತೆಂಟು. ಅರ್ಧ ಸುತ್ತಿನ ಗುರುತಿನಲ್ಲಿ ನಿಂತ ಕೋಚ್ ಪ್ರತಿ ಸಲವೂ “ಮೂವತ್ತೊಂಬತ್ತು!” ಎಂದು ಕೂಗುತ್ತಿದ್ದರು, ತರಕಾರಿ ಮಾರುವವರ ರಾಗದಲ್ಲಿ. ಮೈದಾನದ ಒಂದು ಬದಿಯಲ್ಲಿ ಬಿಸಿಲು ಬೆನ್ನಿಗೆ ಬೀಳುತ್ತಿತ್ತು. ಅಲ್ಲಿ ಮಾತ್ರ ತಂಗಿಯ ನೆರಳು ಮುಂದೆ ಚಾಚಿಕೊಂಡು ಅಕ್ಕನ ಪಾದದ ಪಕ್ಕಕ್ಕೆ ಬರುತ್ತಿತ್ತು. ಉಳಿದ ಕಡೆಯೆಲ್ಲ ಉಸಿರೊಂದೇ. ಕೇಳಬೇಡ ಎಂದರೆ ಕಿವಿ ಕೇಳುತ್ತದೆಯೇ? ಅಕ್ಕ ತನ್ನ ಹೆಜ್ಜೆಯನ್ನೇ ಎಣಿಸಿದಳು. ಅಂಗಡಿಯ ಕಪಾಟಿನ ಖಾನೆಗಳನ್ನು ಎಣಿಸಿದಳು. ಔಷಧಿ ಅಂಗಡಿಯ ಫಲಕವನ್ನು ದೊಡ್ಡ ಅಕ್ಷರದಿಂದ ಚಿಕ್ಕ ಅಕ್ಷರದ ತನಕ ಮನಸ್ಸಿನಲ್ಲೇ ಓದಿದಳು.

ಹನ್ನೊಂದನೆಯ ಸುತ್ತಿನಲ್ಲಿ ಅದು ಬಂತು. ಎರಡಕ್ಕೆ ಒಳಗೆ, ಎರಡಕ್ಕೆ ಹೊರಗೆ. ನಡುವೆ ಆ ಸಿಳ್ಳು.

ಅಕ್ಕನ ಮೈಯೆಲ್ಲ ಹಿಂದಕ್ಕೆ ಜಗ್ಗಿತು. ಪಕ್ಕದಲ್ಲಿ ಮಲಗಿದ ಆರು ವರ್ಷದ ಮಗು, ಅದರ ಎದೆಯ ಮೇಲೆ ತನ್ನ ಅಂಗೈ. ಈಗ ತಗ್ಗಿದರೆ ಉಸಿರು ಸರಿಹೋಗುತ್ತದೆ, ನೆರಳು ಪಾದದ ಹತ್ತಿರವೇ ಉಳಿಯುತ್ತದೆ, ಸಂಜೆ ಬಸ್ಸಿನಲ್ಲಿ ಭುಜಕ್ಕೆ ತಲೆ ಬರುತ್ತದೆ. ಅವಳು ತಗ್ಗಲಿಲ್ಲ.

“ಮೂವತ್ತೊಂಬತ್ತು!”

ಉಸಿರು ಹಿಂದೆ ಬಿತ್ತು. ಒಂದು ಗಜ, ಮೂರು ಗಜ, ಆಮೇಲೆ ಏನೂ ಕೇಳಿಸಲಿಲ್ಲ. ಬಿಸಿಲಿನ ಬದಿಗೆ ಬಂದಾಗ ನೆಲದ ಮೇಲೆ ಅವಳ ನೆರಳೊಂದೇ ಇತ್ತು. ಹಿಂದೆ ಯಾರೂ ಇಲ್ಲದ ಪೇಸರ್ ಅಂದರೆ ಸುಮ್ಮನೆ ಒಬ್ಬಂಟಿಯಾಗಿ ಓಡುತ್ತಿರುವ ಹೆಂಗಸು, ಅಷ್ಟೆ. ತಿರುಗಿ ನೋಡುವ ಹಾಗಿಲ್ಲ. ಪೇಸರ್ ತಿರುಗಿದರೆ ಹಿಂದಿರುವವರ ಧೈರ್ಯ ಕುಸಿಯುತ್ತದೆ. ಕಣ್ಣು ತುಂಬಿ ಬಂತು, ಗಾಳಿಯೇ ಅದನ್ನು ಒರೆಸಿತು. ಹನ್ನೆರಡು, ಎಪ್ಪತ್ತೆಂಟು. ಬಾ, ಎಂದುಕೊಂಡಳು ಪ್ರತಿ ಹೆಜ್ಜೆಗೂ. ಬಾ ಮಿಡತೆ. ಬಂದು ನನ್ನನ್ನು ದಾಟಿ ಹೋಗು.

ಹದಿಮೂರನೆಯ ಸುತ್ತಿನ ಬಿಸಿಲಿನಲ್ಲಿ, ಎಡಪಾದದ ಪಕ್ಕಕ್ಕೆ ಒಂದು ತಲೆಯ ನೆರಳು ಮೆಲ್ಲಗೆ ಬಂದು ಸೇರಿಕೊಂಡಿತು.

ಹದಿನೈದು ಮುಗಿದಾಗ ಗಡಿಯಾರ ಹತ್ತೊಂಬತ್ತೂವರೆ ನಿಮಿಷ ತೋರಿಸುತ್ತಿತ್ತು. ಅಕ್ಕ ಹುಲ್ಲಿಗೆ ಸರಿದಳು. ಮಿಡತೆ ಪಕ್ಕದಲ್ಲೇ ಹಾದುಹೋದಳು, ಇವಳತ್ತ ಕಣ್ಣು ಹೊರಳಿಸದೆ. ಅಕ್ಕನಿಗೆ ಕಂಡದ್ದು ಬೆನ್ನು. ಸೊಟ್ಟಗಿದ್ದ ಅಂಕಿ. ಪ್ರತಿ ಹೆಜ್ಜೆಗೂ ಎಡಭುಜ ಚೂರು ಮೇಲೇಳುತ್ತಿತ್ತು, ಮಿಷನ್ನಿನ ಮುಂದೆ ಕೂತ ಅಮ್ಮನ ಭುಜದ ಹಾಗೆಯೇ. ಇದು ಇವಳ ಓಟದಲ್ಲಿತ್ತೆಂದು ಎರಡು ವರ್ಷ ತನಗೆ ಗೊತ್ತೇ ಇರಲಿಲ್ಲ! ಎಷ್ಟು ಚೆನ್ನಾಗಿ ಓಡುತ್ತಾಳೆ ಈ ಹುಡುಗಿ. ನೆಲವನ್ನು ಮುಟ್ಟಲೋ ಬೇಡವೋ ಎನ್ನುವ ಹಾಗೆ.

ನಲ್ಲಿ ಕರೆಯಿತು. ಅಕ್ಕ ಹೋಗಲಿಲ್ಲ. ಮೊಣಕಾಲಿಗೆ ಕೈಯೂರಿ, ಹತ್ತು ಸುತ್ತನ್ನೂ ನಿಂತು ನೋಡಿದಳು. ಮುಂದೆ ಯಾರೂ ಇಲ್ಲದೆ ಮಿಡತೆ ಐದು ಸುತ್ತಿನಲ್ಲಿ ಐದು ಸೆಕೆಂಡು ಕಳೆದುಕೊಂಡಳು. ಕೋಚ್ ಟೋಪಿ ತೆಗೆದು ಹಿಸುಕತೊಡಗಿದರು. ಕೊನೆಯ ಸುತ್ತಿನ ಗಂಟೆ ಮೊಳಗಿತು. ಆಗ ಮಿಡತೆ, ಎದುರಿಗೆ ಯಾರನ್ನೋ ಕಂಡವಳಂತೆ, ಕತ್ತು ಮುಂದೆ ಚಾಚಿ ಹೊರಟಳು. ಎಪ್ಪತ್ತೊಂದು ಸೆಕೆಂಡಿನ ಸುತ್ತು ಅದು. ಮೂವತ್ತೆರಡು ನಿಮಿಷ ಇಪ್ಪತ್ತೆಂಟು ಸೆಕೆಂಡಿಗೆ ಅವಳು ಗೆರೆ ದಾಟಿ ನೆಲಕ್ಕೊರಗಿದಳು.

“ಏ ಎಪ್ಪತ್ತೆಂಟು!” ಎಂದು ಕೂಗುತ್ತ ಕೋಚ್ ಓಡಿಬಂದರು. ಹಿಸುಕಿದ ಟೋಪಿಯನ್ನು ಅಕ್ಕನ ತಲೆಗೇ ಇಟ್ಟರು.

ಗೆರೆಯ ಹತ್ತಿರ ಆಗಲೇ ಜನ ಮುತ್ತಿದ್ದರು. ಅವರ ತಲೆಗಳ ಸಂದಿಯಿಂದ ಮಿಡತೆ ಯಾರನ್ನೋ ಹುಡುಕಿದಳು, ಸಿಕ್ಕಿದೊಡನೆ ಕೈ ಎತ್ತಿ, “ನೋಡಿದ್ಯಾ?” ಎಂದು ಕೂಗಿದಳು. ಅಕ್ಕ ತಲೆಯಾಡಿಸಿದಳು. ಅಷ್ಟರಲ್ಲಿ ಶಿಬಿರದವರು ಮಿಡತೆಯನ್ನು ಒಳಗೆ ಕರೆದೊಯ್ದರು. ವೈದ್ಯರು ನೋಡಬೇಕು, ಅರ್ಜಿ ತುಂಬಬೇಕು, ಬರುವುದು ತಡವಾಗುತ್ತದೆ ಎಂದರು.

ಅಕ್ಕ ಒಬ್ಬಳೇ ಬಸ್ಸು ಹತ್ತಿದಳು. ಕಿಟಕಿಯ ಪಕ್ಕ ಕೂತು, ಮಿಡತೆಯ ಚೀಲವನ್ನು ಬದಿಯ ಜಾಗದಲ್ಲಿಟ್ಟಳು. ಚೀಲದ ಬಾಯಿಂದ ಹಳೆಯ ಬೂಟಿನ ದಾರ ಇಣುಕುತ್ತಿತ್ತು. ಎರಡನೆಯ ನಿಲ್ದಾಣದಲ್ಲಿ ನಡುವಯಸ್ಸಿನ ಹೆಂಗಸೊಬ್ಬಳು ಹತ್ತಿ ಆ ಸೀಟಿನ ಬಳಿ ನಿಂತಳು.

“ಇಲ್ಲಿ ಯಾರಾದ್ರೂ ಬರ್ತಾರೇನಮ್ಮಾ?”

ಅಕ್ಕ ಚೀಲವನ್ನು ನೋಡಿದಳು. ಆಮೇಲೆ ಅದನ್ನೆತ್ತಿ ತೊಡೆಯ ಮೇಲಿಟ್ಟುಕೊಂಡಳು. “ಇಲ್ಲ. ಕೂತ್ಕೊಳ್ಳಿ.”

ಹೆಂಗಸು ಕೂತು ಸುಧಾರಿಸಿಕೊಂಡು, ಅಕ್ಕನ ಎದೆಯ ಮೇಲೆ ಇನ್ನೂ ಉಳಿದಿದ್ದ ಅಕ್ಷರದ ಬಟ್ಟೆ ನೋಡಿದಳು. “ಓಟಕ್ಕೆ ಹೋಗಿದ್ರಾ? ಗೆದ್ರಾ?”

“ಇಲ್ಲ. ಮುಗಿಸಲಿಲ್ಲ. ಹದಿನೈದು ಸುತ್ತಿಗೇ ಬಿಟ್ಟೆ.”

“ಅಯ್ಯೋ ಪಾಪ,” ಎಂದಳು ಹೆಂಗಸು. “ಹೋಗ್ಲಿ ಬಿಡಿ, ಮುಂದಿನ ಸಲ ಮುಗಿಸ್ತೀರಂತೆ.”

ಅಕ್ಕನಿಗೆ ನಗು ಬಂತು. ನಗುತ್ತ ಕಿಟಕಿಯತ್ತ ಮುಖ ತಿರುಗಿಸಿದಳು. ಬೀದಿದೀಪಗಳು ಈಗಷ್ಟೇ ಹೊತ್ತಿಕೊಳ್ಳುತ್ತಿದ್ದವು. ಬಸ್ಸು ಕುಲುಕಿದಾಗಲೆಲ್ಲ ಅವಳ ಎಡಭುಜ, ಬರುವ ತಲೆಗೆ ಜಾಗ ಮಾಡಿಕೊಡಲೆಂಬಂತೆ, ತನ್ನಷ್ಟಕ್ಕೆ ತಾನೇ ಸ್ವಲ್ಪ ತಗ್ಗುತ್ತಿತ್ತು.