ಹುಳದ ಮನೆಯ ಕ್ಯಾಮೆರಾ

ಕೂಟಗಲ್ಲಿನ ಲತಾಮಣಿಯ ಮನೆಯಲ್ಲಿ ಗೋಡೆಗೆ ಕಣ್ಣೂ ಇತ್ತು, ಬಾಯೂ ಇತ್ತು. ಹಿತ್ತಲಿನ ರೇಷ್ಮೆ ಹುಳದ ಮನೆಯೊಳಗೆ ಅವಳ ಗಂಡ ಕೆಂಪರಾಜು ಒಂದು ಕ್ಯಾಮೆರಾ ಕೂರಿಸಿದ್ದ. ಹುಳ ನೋಡಿಕೊಳ್ಳೋಕೆ ಅಂತ ಹೇಳಿದ್ದ. ಬಿಡದಿಯ ಕಾರ್ಖಾನೆಯೊಂದರ ಗೇಟಿನಲ್ಲಿ ಅವನು ಸೆಕ್ಯುರಿಟಿ. ಬಂದವರಿಗೆಲ್ಲ ನಗುನಗುತ್ತಾ ಸಲಾಮು ಹೊಡೆಯುವ ಮನುಷ್ಯ. ಊರಿಗೆ ಉಪಕಾರಿ, ಮನೆಗೆ ಮಾರಿ. ಬಿಡುವು ಸಿಕ್ಕಾಗೆಲ್ಲ ಮೊಬೈಲಿನಲ್ಲಿ ಹೆಂಡತಿಯನ್ನು ಕಾಯುತ್ತಿದ್ದ.

"ಲತಾ, ಮೂಲೇಲಿ ಸೊಪ್ಪು ಕಮ್ಮಿ ಬಿದ್ದೈತೆ."

ಕ್ಯಾಮೆರಾದಿಂದ ಅವನ ದನಿ ಬಂದರೆ ಅವಳ ಎದೆ ಧಸಕ್ಕೆನ್ನುತ್ತಿತ್ತು. "ಆಗ್ಲಿಂದ ಕಾಣ್ನಿಲ್ಲ, ಎಲ್ಲೋಗಿದ್ದೆ?" ಬಚ್ಚಲಿಗೆ ಹೋಗಿ ಬಂದಿದ್ದಕ್ಕೂ ಲೆಕ್ಕ ಒಪ್ಪಿಸಬೇಕಿತ್ತು.

ಹುಳ ಕೊನೇ ಸಲ ಪೊರೆ ಬಿಡೋದಕ್ಕೆ ನಾಲ್ಕನೇ ಜ್ವರ ಅಂತಾರೆ. ಆ ಜ್ವರ ಎದ್ದ ಮೇಲೆ ಸೊಪ್ಪು ಹಾಕುವ ಹೆಂಗಸು ಊರು ದಾಟಬಾರದು ಅನ್ನೋದು ಆ ಮನೆಯ ಕಟ್ಟು. ಊರು ಸುತ್ತಿದ ಕಾಲು ಒಳಗಿಟ್ಟರೆ ಹುಳ ಕೆಡುತ್ತವಂತೆ. ಗಂಡಸಿನ ಕಾಲಿಗೆ ಮಾತ್ರ ಯಾವ ರೋಗವೂ ಅಂಟುತ್ತಿರಲಿಲ್ಲ, ಅದೇ ಆಶ್ಚರ್ಯ.

ಹುಳ ಜ್ವರ ಎದ್ದಾಗಿತ್ತು. ಗುರುವಾರ ಬೆಳಿಗ್ಗೆ ಬಿಡದಿಯ ಗಾರ್ಮೆಂಟ್ಸಿನಲ್ಲಿ ಲತಾಮಣಿಗೆ ಕೆಲಸದ ಇಂಟರ್‌ವ್ಯೂ ಇತ್ತು. ಜೊತೆಗೆ ಓದಿದ್ದ ಸಾನಾ ಅಲ್ಲಿ ಸೂಪರ್‌ವೈಸರು. "ಎರಡ್ ಸಲ ತಪ್ಪಿಸ್ಕೊಂಡಿದ್ದೀಯ ಕಣೇ. ಈ ಸಲಾನೂ ಬರ್ನಿಲ್ಲ ಅಂದ್ರೆ ಇನ್ನ ನಾನು ಯಾರ್ನೂ ಕೇಳಕ್ಕಾಗಲ್ಲ" ಎಂದು ಫೋನಿನಲ್ಲಿ ಹೇಳಿಬಿಟ್ಟಿದ್ದಳು. ಕೆಂಪರಾಜುವಿನದು ಒಂದೇ ಮಾತು: "ಈ ಬೆಳೆ ಮುಗೀಲಿ." ಒಂದು ಬೆಳೆ ಗೂಡಾಗಿ ರಾಮನಗರದ ಮಾರ್ಕೆಟ್ಟಿಗೆ ಹೋಗುವಷ್ಟರಲ್ಲಿ ಇನ್ನೊಂದರ ಮೊಟ್ಟೆ ಮನೆಗೆ ಬಂದಿರುತ್ತಿತ್ತು.

ಬುಧವಾರ ಮಧ್ಯಾಹ್ನ ಸೊಪ್ಪು ಹಾಕಿ ಬಂದು ಅವಳು ನಡುಮನೆಯಲ್ಲಿ ಕುಸಿದು ಕೂತಳು. ಅತ್ತೆ ಚಿಕ್ಕಲಕ್ಷ್ಮಮ್ಮ ಟೀವಿ ಮುಂದಿದ್ದರು. ಒಂದಷ್ಟು ಜನರನ್ನು ಮನೆಯೊಂದರಲ್ಲಿ ಕೂಡಿಹಾಕಿ, ಸುತ್ತ ಕ್ಯಾಮೆರಾ ಇಟ್ಟು, ವಾರಕ್ಕೊಬ್ಬರನ್ನು ಓಟಿನಲ್ಲಿ 'ಎಲಿಮಿನೇಟ್' ಅಂತ ಹೊರಹಾಕುವ ಶೋ ಬರುತ್ತಿತ್ತು. ಮಂಡಿ ನೋವು ಬಂದು ಹುಳದ ಮನೆ ಬಿಟ್ಟಾಗಿನಿಂದ ಮುದುಕಿಗೆ ಅದೇ ಊಟ, ಅದೇ ತಿಂಡಿ. ಲತಾಮಣಿಗೆ ಅದನ್ನು ಕಂಡರಾಗುತ್ತಿರಲಿಲ್ಲ. ಆದರೂ ಎದ್ದು ಹೋಗೋಕೆ ಬೇರೆ ಜಾಗವಾದರೂ ಎಲ್ಲಿತ್ತು?

ಪರದೆಯ ಮೇಲೆ ನಯನಾ ಅನ್ನೋ ಹುಡುಗಿ ಬಾಗಿಲಿಗೆ ಹಣೆ ಒತ್ತಿಕೊಂಡು ಅಳುತ್ತಿದ್ದಳು, ನನ್ನನ್ನ ಮನೆಗೆ ಕಳಿಸಿ ಅಂತ. ಎಲ್ಲಿಂದಲೋ ಒಂದು ಗಂಡು ದನಿ ಅವಳನ್ನು ಒಳಗೆ ಹೋಗೋಕೆ ಹೇಳಿತು.

"ಬಾಗ್ಲು ತೆಗ್ದು ಕಳ್ಸಬಾರ್ದಾ, ಪಾಪದ್ದು" ಅಂತ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಲತಾಮಣಿಗೆ ಮೈಯೆಲ್ಲ ಉರಿದುಹೋಯಿತು. ಮಗ್ಗುಲಲ್ಲಿ ಕೂತವಳಿಗೆ ಇಲ್ಲದ ಕಣ್ಣೀರು ಟೀವಿಯವಳಿಗೆ!

"ಅವ್ಳಿಗೇನತ್ತೆ, ಶೋ ಮುಗುದ್ರೆ ಬಾಗ್ಲು ತೆಗೀತಾರೆ" ಅಂದುಬಿಟ್ಟಳು. "ನಂದ್ಯಾವಾಗ ಮುಗೀತದೆ?"

ಅತ್ತೆ ಸೊಸೆಯ ಮುಖವನ್ನು ನೋಡಿದರು. ಆಮೇಲೆ ಹಿತ್ತಲ ಕಡೆ ನೋಡಿದರು. ಅಷ್ಟರಲ್ಲಿ ಅಲ್ಲಿಂದ ದನಿ ಬಂತು: "ಲತಾ, ಎಲ್ಲೋಗಿದ್ದೀಯ?" ಅವಳು ಹೊಡೆದು ಎಬ್ಬಿಸಿದವಳಂತೆ ಎದ್ದು ಓಡಿದಳು. ಮುದುಕಿ ಟೀವಿ ಆರಿಸಿದರು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅಂತಾರೆ. ಕೆಲವರಿಗೆ ಬೇಕಾಗುತ್ತೆ, ಅದೂ ಗೋಡೆಗೆ ನೇತುಹಾಕುವಷ್ಟು ದೊಡ್ಡದು.

ಗುರುವಾರ ಬೆಳಿಗ್ಗೆ ಲತಾಮಣಿ ಆಸೆ ಬಿಟ್ಟು ಹಳೇ ನೈಟಿಯಲ್ಲೇ ಸೊಪ್ಪಿನ ಮಂಕರಿ ಎತ್ತಿದ್ದಳು. ಅತ್ತೆ ಬಂದು ಕೈಯಿಂದ ಅದನ್ನು ಕಿತ್ತುಕೊಂಡರು.

"ಸೀರೆ ಉಟ್ಕೊ. ಬಿಡದಿಗೋಗು."

"ಅತ್ತೆ, ಹೋದ್ರೆ ವಾಪಸ್ ಒಳಕ್ಕೆ..."

"ಈ ಬೆಳೆ ಮುಗಿಯೋಗಂಟ ನೀನು ಕಾಲಿಡ್ಬ್ಯಾಡ. ನಾನಿವ್ನಿ."

ಸೀರೆ ಉಟ್ಟು, ಚಪ್ಪಲಿ ಕೈಯಲ್ಲಿ ಹಿಡಿದು ಬರುವಷ್ಟರಲ್ಲಿ ಮುದುಕಿ ಕುಂಟುತ್ತಾ ಹುಳದ ಮನೆ ಹೊಕ್ಕಾಗಿತ್ತು. ಲತಾಮಣಿ ಹೊರಗೇ ನಿಂತಳು. ಒಳಗಿನ ಕ್ಯಾಮೆರಾ ಕೂಗಿತು.

"ಅವ್ವ? ನೀನ್ಯಾಕೆ ಬಂದೆ? ಲತಾ ಎಲ್ಲಿ?"

"ಎಲಿಮಿನೇಟ್ ಆದ್ಲು ಕಣ್ಲಾ."

"ಏನು?"

"ಹೊರಿಕ್ ಕಳ್ಸಿದೀನಿ. ಓಟಾಕಿದ್ದು ನಾನೇ. ನಾನೂ ಈ ಮನೇಲಿ ವಯಸ್ಸೆಲ್ಲಾ ಸವೆಸ್ದೆ ಕಣ್ಲಾ ಕೆಂಪ, ಹೋಗಮ್ಮ ಅಂತ ನಂಗೊಬ್ರೂ ಓಟಾಕ್ನಿಲ್ಲ."

ಲತಾಮಣಿಗೆ ಒಳಗೆ ಹೋಗಿ ಅತ್ತೆಯ ಕಾಲು ಹಿಡಿದುಕೊಳ್ಳೋಣ ಅನ್ನಿಸಿತು. ಹೊಸ್ತಿಲ ಕಡೆ ಒಂದು ಹೆಜ್ಜೆ ಇಟ್ಟಳು.

"ಏಯ್, ಒಳಿಕ್ ಬರ್ಬ್ಯಾಡ!" ಅತ್ತೆ ಗದರಿದರು. "ಬಸ್ ಹೊಂಟೋಯ್ತದೆ. ಬಾಗ್ಲಾಕ್ಕೊಂಡೋಗು, ನೊಣ ಬತ್ತದೆ."

ಹುಳದ ಮನೆಯ ಬಾಗಿಲು ತೆರೆದಿಡುವ ಹಾಗಿಲ್ಲ. ನೊಣ ಹೊಕ್ಕಿತೆಂದರೆ ಹುಳ ಮುಗಿದ ಹಾಗೆ. ಲತಾಮಣಿ ಜಾಲರಿ ಬಾಗಿಲು ಎಳೆದು, ಕೈ ತಡೆದು, ಕೊನೆಗೆ ಚಿಲಕ ಹಾಕಿದಳು. ಜಾಲರಿಯಾಚೆ ಅತ್ತೆ ಮಂಡಿ ಹಿಡಿದುಕೊಂಡು ಬಗ್ಗಿ ಸೊಪ್ಪು ಹರಡುತ್ತಿದ್ದರು.

ಬೇಲಿ ದಾಟುವಾಗ ಹಿಂದಿನಿಂದ ದನಿ ಕೇಳಿಸಿತು.

"ಅವ್ವ, ಮೂಲೇಲಿ ಸೊಪ್ಪು ಕಮ್ಮಿ ಬಿದ್ದೈತೆ."